60ಕ್ಕೆ 60 ಸೇರಿದರೆ 76!

ಬಿಸಿ ಸಾರಿನ ಮೇಲೆ ತೇಲುವ ಎಣ್ಣೆ ಹನಿಗಳನ್ನು ಗಮನಿಸಿದ್ದೀರಾ ಮಕ್ಕಳೇ? ಎರಡು ಹನಿ ತಾಗಿದವೋ ಇಲ್ಲವೋ, ಥಟ್ಟನೆ ಒಂದಾಗಿಬಿಡುತ್ತವೆ. ಕರಗಿದ ಪ್ಲಾಸ್ಟಿಕ್ ಕಣಗಳಿಗೆ ಅಷ್ಟು ಅವಸರವಿಲ್ಲ. ತಾಗಿದ ಕಡೆ ಮೊದಲು ಸಣ್ಣ ಸೇತುವೆ ಮೂಡುತ್ತದೆ. ಅದು ದಪ್ಪವಾಗುತ್ತಾ ಕಡಲೆಕಾಯಿಯ ಆಕಾರಕ್ಕೆ ಬಂದು, ಕೊನೆಗೆ ಒಂದೇ ಗುಂಡಾಗುತ್ತದೆ.

"ಇದನ್ನು ನೋಡಿ ಏನಾಗಬೇಕು?" ಎಂದು ನಮ್ಮ ಮನೆಯವರು ಕೇಳಿದರು. ಆಗಬೇಕಾದ್ದು ಬಹಳ ಇದೆ. ನೈಲಾನ್ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದ ಕಡೆ ಮಾತ್ರ ಲೇಸರ್‌ನಿಂದ ಕರಗಿಸಿ, ಪದರದ ಮೇಲೆ ಪದರ ಕಟ್ಟಿ ವಸ್ತು ತಯಾರಿಸುವ ವಿಧಾನವೊಂದಿದೆ. 1980ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾರ್ಲ್ ಡೆಕಾರ್ಡ್ ರೂಪಿಸಿದ್ದು. ಕೃತಕ ಕಾಲಿನ ಮೇಲ್ತುದಿಯ ಬಟ್ಟಲನ್ನೂ ಅವರವರ ಅಳತೆಗೆ ಹೀಗೆ ಮಾಡಬಹುದು. ಕಣಗಳು ಸರಿಯಾಗಿ ಬೆಸೆಯದೆ ಒಳಗೆ ಟೊಳ್ಳು ಉಳಿದರೆ? ಮೆಟ್ಟಿಲಿಳಿಯುವಾಗ ಬಟ್ಟಲು ಬಿರಿದರೆ ಆ ಮನುಷ್ಯನ ಗತಿಯೇನು?

ಅದಕ್ಕೇ ಬೆಸುಗೆಯನ್ನು ಹತ್ತಿರದಿಂದ ನೋಡಬೇಕು. ಕಣಗಳನ್ನು ಬಿಸಿ ತಟ್ಟೆಯ ಮೇಲಿಟ್ಟರೆ, ಪಳಗದ ಕಾವಲಿಗೆ ದೋಸೆ ಅಂಟಿದಂತೆ, ತಟ್ಟೆಗೇ ಅಂಟುತ್ತವೆ. ಆದ್ದರಿಂದ ಗಾಳಿಯಲ್ಲೇ ತೇಲಿಸುತ್ತಾರೆ. ದಾರವಿಲ್ಲ, ಕಡ್ಡಿಯಿಲ್ಲ, ಹಿಡಿದಿರುವುದು ಶಬ್ದ! ಸೆಕೆಂಡಿಗೆ 40,000 ಸಲ ಕಂಪಿಸುವ ಶಬ್ದ ಕೆಳಗಿನಿಂದ ಹೊರಟು ಮೇಲಿನ ಫಲಕಕ್ಕೆ ಬಡಿದು ಮರಳುತ್ತದೆ. (ಮನುಷ್ಯರ ಕಿವಿಗೆ 20,000ದ ಮೇಲೆ ಕೇಳಿಸದು. ನನ್ನ ವಯಸ್ಸಿನವರಿಗೆ ಅದರರ್ಧವೂ ಕಷ್ಟ.) ಹೋಗುವ, ಬರುವ ಅಲೆಗಳು ಸೇರಿ ಸುಮಾರು 4 ಮಿಲಿಮೀಟರಿಗೊಂದು ಶಾಂತ ತಾಣ ಉಂಟಾಗುತ್ತದೆ. ಹಗುರ ಕಣ ಅಲ್ಲಿ ನಿಲ್ಲುತ್ತದೆ. ಎರಡನ್ನು ಜೊತೆಗೆ ನಿಲ್ಲಿಸಿ, ಲೇಸರ್‌ನಿಂದ ಕಾಯಿಸಿ, ವೇಗದ ಕ್ಯಾಮೆರಾದಲ್ಲಿ ಸೇತುವೆ ಬೆಳೆಯುವುದನ್ನು ಅಳೆಯಬಹುದು.

ಕಣ ದೊಡ್ಡದಾದಷ್ಟೂ, ಪಾಕ ಮಂದವಾದಷ್ಟೂ ಬೆಸುಗೆ ತಡ ಎಂಬ ಲೆಕ್ಕವನ್ನು ರಷ್ಯದ ಯಾಕೊವ್ ಫ್ರೆಂಕೆಲ್ 1945ರಲ್ಲೇ ಕೊಟ್ಟಿದ್ದರು. ಹೆಚ್ಚು ಕಾಯಿಸಿದರೆ ಪಾಕವೇನೋ ತೆಳುವಾಗುತ್ತದೆ, ಆದರೆ ಅತಿಯಾದರೆ ಪ್ಲಾಸ್ಟಿಕ್ಕೇ ಕೆಡುತ್ತದೆ.

ಅಷ್ಟಕ್ಕೂ ಅವು ಒಂದಾಗುವುದೇಕೆ? ಇಲ್ಲಿ ನನ್ನ ಬ್ಯಾಂಕಿನ ಬುದ್ಧಿ ಓಡುತ್ತದೆ. 60 ಮೈಕ್ರಾನ್, ಅಂದರೆ 0.06 ಮಿಲಿಮೀಟರ್ ಅಡ್ಡಳತೆಯ ಎರಡು ಗುಂಡು ಸೇರಿದರೆ 120 ಆಗದು, ಸುಮಾರು 76 ಆಗುತ್ತದೆ. ಸರಕು ಅಷ್ಟೇ, ಹೊರಮೈ ಮಾತ್ರ ಶೇ. 20ರಷ್ಟು ಕಡಿಮೆ. ಹೊರಮೈ ಹೆಚ್ಚಿದ್ದಷ್ಟೂ ಶಕ್ತಿಯ ಖರ್ಚು ಹೆಚ್ಚು. ಎರಡು ಶಾಖೆಗಳನ್ನು ವಿಲೀನ ಮಾಡಿ ಬಾಡಿಗೆ ಉಳಿಸಿದಂತೆ!

ನಂಬಿಕೆಯಿಲ್ಲವೇ? ಚಪಾತಿ ಹಿಟ್ಟಿನಲ್ಲಿ 3 ಸೆಂ.ಮೀ. ಅಡ್ಡಳತೆಯ ಎರಡು ಉಂಡೆ ಮಾಡಿ, ಸೇರಿಸಿ ನಾದಿ, ದುಂಡಗೆ ಮಾಡಿ ಅಳೆಯಿರಿ. ಸುಮಾರು 3.8 ಬರಬೇಕು. ಅಳತೆ ಮುಗಿದ ಮೇಲೆ ಉಂಡೆಯನ್ನು ಅಜ್ಜಿಗೆ ಒಪ್ಪಿಸಿ, ಲಟ್ಟಿಸುತ್ತಾರೆ.