ಎರೆಮೀನು ಹಿಡಿಯೋಕೆ ಗಟ್ಟಿ ಗಾಳ: ಎಲ್ಲಿ ತುಂಡಾಗಬೇಕು ಅಂತ ನೀವೇ ತೀರ್ಮಾನಿಸಿ

ಮಳೆಗಾಲದ ಶುರುವಿನಲ್ಲಿ ಹೊಂಡಕ್ಕೆ ಸಾವಿರ ಕಾಟ್ಲಾ, ರೋಹು ಮರಿ ಬಿಟ್ಟಿದ್ದೀರಿ. ದೀಪಾವಳಿ ಹೊತ್ತಿಗೆ ಬೀಸುಬಲೆ ಹಾಕಿದರೆ ಕೈಗೆ ಸಿಗೋದು ಬೆರಳೆಣಿಕೆಯಷ್ಟು. ಹಾಕಿದ ಮೇವು ಹಾಗೇ ಉಳೀತಿದೆ. ಹೀಗಾಗಿದ್ದರೆ ಹೊಂಡದಲ್ಲಿ ಕೊರವ ಮೀನು (ಮುರ್ರೆಲ್) ಸೇರಿಕೊಂಡಿದೆಯಾ ಅಂತ ಮೊದಲು ನೋಡಿ.

ಕೊರವ ಗಾಳಿಯನ್ನೇ ಉಸಿರಾಡಬಲ್ಲ ಮೀನು. ಕೆಸರಲ್ಲೂ ಬದುಕುತ್ತೆ, ಮಳೆ ಬಂದಾಗ ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ನೀರಿಗೂ ಹೋಗುತ್ತೆ. ಮುಂಜಾನೆ ದಡದಲ್ಲಿ ಸುಮ್ಮನೆ ಕೂತು ಗಮನಿಸಿ. ಆಗಾಗ ಮೇಲೆ ಬಂದು 'ಗುಳುಂ' ಅಂತ ಗಾಳಿ ಕುಡಿದು ಹೋಗೋ ಮೀನು, ಮಳೆಗಾಲದಲ್ಲಿ ಒಟ್ಟಾಗಿ ಈಜುವ ಕೆಂಬಣ್ಣದ ಪುಟ್ಟ ಮರಿಗಳ ಗುಂಪು, ಇವೆರಡೂ ಅದರ ಗುರುತು.

ಮರಿ ಬಿಡುವ ಮೊದಲೇ ಹೊಂಡ ಒಣಗಿಸೋದು ಒಳ್ಳೆಯ ದಾರಿ. ಈಗಾಗಲೇ ಮರಿ ಬಿಟ್ಟು, ನೀರೂ ತುಂಬಿದ್ದರೆ ಅದು ಆಗೋ ಮಾತಲ್ಲ. ಆಗ ಸಂಜೆ ಹೊತ್ತು ಜೀವಂತ ಸಣ್ಣ ಮೀನು ಕಟ್ಟಿದ ಗಾಳ ಹಾಕಿ ಕೊರವವನ್ನು ಹಿಡಿಯಬೇಕು. ಅದಕ್ಕೆ ಮೊದಲು ಬೇಕಾಗೋದು ಎರೆಮೀನು. ಪಕ್ಕೆ, ಸಸಲು ಅಂತ ಒಂದೊಂದು ಊರಲ್ಲಿ ಒಂದೊಂದು ಹೆಸರಿನ ಸಣ್ಣ ಮೀನುಗಳು ಹೊಂಡದಲ್ಲೇ ಇರ್ತವೆ. ಇವು ನಿಮ್ಮ ಸಾಕುಮೀನಿನ ಮೇವಿಗೂ ಪೈಪೋಟಿ ಕೊಡೋದರಿಂದ ಹಿಡಿದರೆ ಎರಡು ಲಾಭ.

ಗಟ್ಟಿ ಅಂದರೆ ದಪ್ಪ ಅಲ್ಲ

ಅಂಗಡಿಯ ರೆಡಿಮೇಡ್ ಗಾಳ ಕಲ್ಲಿಗೋ ಬೇರಿಗೋ ಸಿಕ್ಕಿದರೆ ಪೂರ್ತಿ ಹೋಯ್ತು ಅಂತಲೇ ಲೆಕ್ಕ. ಹಾಗಂತ ಎಲ್ಲಾ ಕಡೆ ದಪ್ಪ ದಾರ ಹಾಕಿದರೆ ಸಣ್ಣ ಮೀನು ಹತ್ತಿರವೂ ಬರಲ್ಲ. ಉಪಾಯ ಇಷ್ಟೇ: ನಡುವಿನ ದಾರ ಗಟ್ಟಿ, ಕವಲು ದಾರ ಸಣ್ಣದು, ಭಾರ ಕಟ್ಟುವ ದಾರ ಎಲ್ಲಕ್ಕಿಂತ ದುರ್ಬಲ. ಎಲ್ಲಾದರೂ ಸಿಕ್ಕಿಕೊಂಡರೆ ಅಗ್ಗದ ಭಾಗ ಮಾತ್ರ ಹೋಗಬೇಕು.

ಬೇಕಾಗುವ ಸಾಮಾನು

- ನಡುವಿನ ದಾರ: 0.40 ಮಿ.ಮೀ. ತಂಗೂಸು, ಒಂದೂವರೆ ಮೀಟರ್
- ಕವಲು ದಾರ: 0.20 ಮಿ.ಮೀ. ತಂಗೂಸು
- ಕೊಕ್ಕೆ: 14ನೇ ನಂಬರ್, 4 (ನಂಬರ್ ಹೆಚ್ಚಾದಷ್ಟೂ ಕೊಕ್ಕೆ ಸಣ್ಣದು, ಮರೀಬೇಡಿ)
- ಭಾರ: ಹಳೇ ಕಬ್ಬಿಣದ ನಟ್ ಒಂದು. ಸೀಸ ವಿಷ, ಅದು ಬೇಡ
- ಒಂದೆಳೆ ಹತ್ತಿ ಹೊಲಿಗೆ ದಾರ, ಇಕ್ಕಳ

ಕಟ್ಟೋ ಕ್ರಮ

1. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನಿನ ಬಾಯಿ ಹರಿಯಲ್ಲ, ಬಿಡಿಸೋದೂ ಸುಲಭ. ಗಾಯವಾದ ಎರೆಮೀನು ಬೇಗ ಸಾಯುತ್ತೆ.
2. ನಡುವಿನ ದಾರದಲ್ಲಿ 25 ಸೆಂ.ಮೀ.ಗೊಂದರಂತೆ ನಾಲ್ಕು ಕುಣಿಕೆ ಹಾಕಿ. ದಾರವನ್ನು ಮಡಚಿ, ಮಡಚಿದ ತುದಿಯನ್ನು ಗಂಟಿನೊಳಗೆ ಎರಡು ಸಲ ತೂರಿಸಿ ಎಳೆಯಿರಿ.
3. 10 ಸೆಂ.ಮೀ. ಉದ್ದದ ಕವಲು ದಾರದ ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಗೆ ಪುಟ್ಟ ಕುಣಿಕೆ.
4. ನಡುವಿನ ದಾರದ ಕುಣಿಕೆಯನ್ನು ಕವಲಿನ ಕುಣಿಕೆಯೊಳಗೆ ತೂರಿಸಿ, ಅದರೊಳಗಿಂದ ಕೊಕ್ಕೆ ದಾಟಿಸಿ ಎಳೆದುಬಿಡಿ. ಕವಲು ತುಂಡಾದರೆ ದಡದಲ್ಲೇ ಹೊಸದು ಹಾಕ್ಕೋಬಹುದು.
5. ಕೆಳತುದಿಗೆ ಹೊಲಿಗೆ ದಾರದಲ್ಲಿ ನಟ್ ಕಟ್ಟಿ.

ಪ್ರತಿ ಗಂಟನ್ನೂ ಬಿಗಿಯುವ ಮುಂಚೆ ಒದ್ದೆ ಮಾಡಿ. ಒಣಗಂಟು ಜೋರಾಗಿ ಎಳೆದರೆ ಉಜ್ಜಿದ ಬಿಸಿಗೆ ತಂಗೂಸು ಸೋಲುತ್ತೆ. ದಾರ ತುಂಡಾಗೋದು ಹೆಚ್ಚಾಗಿ ಗಂಟಿನ ಹತ್ತಿರವೇ.

ನೀರಿನ ಬಾಟಲಿ ಪರೀಕ್ಷೆ

ಒಂದು ಲೀಟರ್ ನೀರು ಒಂದು ಕೆ.ಜಿ. ನಡುವಿನ ದಾರಕ್ಕೆ 5 ಲೀಟರ್ ಕ್ಯಾನ್ ತೂಗಿಹಾಕಿ, ತಡೀಬೇಕು. ಪ್ರತಿ ಕವಲಿಗೆ ಒಂದು ಲೀಟರ್ ಬಾಟಲಿ, ತಡೀಬೇಕು. ನಟ್ ಹಿಡಿದು ಕೈಯಲ್ಲಿ ಜೋರಾಗಿ ಎಳೆದರೆ ಮಾತ್ರ ಹೊಲಿಗೆ ದಾರವೇ ಮೊದಲು ಕಡೀಬೇಕು. ಹೀಗಾದರೆ ನಿಮ್ಮ ಗಾಳ ಪಾಸ್.

ಹಿಡಿಯುವಾಗ, ಇಟ್ಟುಕೊಳ್ಳುವಾಗ

ಕೊಕ್ಕೆ ತುದಿ ಮುಚ್ಚುವಷ್ಟು ರಾಗಿಮುದ್ದೆಯ ಚೂರು ಅಥವಾ ಎರೆಹುಳುವಿನ ತುಂಡು ಸಾಕು. ಗೊಬ್ಬರ, ಔಷಧಿ ಮುಟ್ಟಿದ ಕೈಯನ್ನು ತೊಳೆದುಕೊಂಡೇ ಎರೆ ಮುಟ್ಟಿ.

ಹಿಡಿದ ಮೀನನ್ನು ಒದ್ದೆ ಕೈಯಲ್ಲೇ ಬಿಡಿಸಿ, ಅದೇ ಹೊಂಡದ ನೀರು ತುಂಬಿದ ಬಕೆಟ್‌ಗೆ ಹಾಕಿ. ಕೀಟನಾಶಕ ಕಲಸಿದ ಬಕೆಟ್ ಬೇಡವೇ ಬೇಡ, ಎಷ್ಟು ತೊಳೆದರೂ ಬೇಡ. 10 ಲೀಟರ್ ನೀರಿಗೆ ಬೆರಳುದ್ದದ ಆರೇಳು ಮೀನು ಸಾಕು. ಬಕೆಟ್ ನೆರಳಲ್ಲಿರಲಿ, ಆಗಾಗ ಅರ್ಧ ನೀರು ಬದಲಿಸಿ. ಮೀನು ಮೇಲೆ ಬಂದು ಬಾಯಿ ಬಡಿದರೆ ಉಸಿರು ಸಾಲ್ತಿಲ್ಲ ಅಂತ ಅರ್ಥ.

ಇವಿಷ್ಟು ತಪ್ಪು ಮಾಡಬೇಡಿ

- ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಕ್ಕೆ ಈ ಗಾಳ ಹಾಕಬೇಡಿ. ಒಂದು ಕೊಕ್ಕೆ ಹಾಳೆಗೆ ಸಿಕ್ಕರೆ ನೀರು ಸೋರೋಕೆ ಶುರು. ಅಲ್ಲಿ ಹಿಡಿಯಿರುವ ಕೈಬಲೆಯೇ ಸರಿ.
- ಬೇರೆ ಕೆರೆಯ ಮೀನನ್ನು ಎರೆಗೆ ತರಬೇಡಿ, ಉಳಿದದ್ದನ್ನು ಬೇರೆ ನೀರಿಗೆ ಬಿಡಬೇಡಿ. ರೋಗ, ಜಿಲೇಬಿ ಮೀನು ಎರಡೂ ಹೀಗೇ ಹರಡೋದು.
- ಊರ ಕೆರೆಯಲ್ಲಿ ಹಿಡಿಯೋದಾದರೆ ಗುತ್ತಿಗೆ ಪಡೆದವರನ್ನು ಕೇಳಿಯೇ ಇಳಿಯಿರಿ.
- ತಂಗೂಸಿನ ಚೂರು, ಕೊಕ್ಕೆ ದಡದಲ್ಲಿ ಬಿಡಬೇಡಿ. ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತೆ, ಹುಲ್ಲಿನ ಜೊತೆ ದನದ ಹೊಟ್ಟೆ ಸೇರುತ್ತೆ. ಹೋಗುವಾಗ ಎಷ್ಟು ಕೊಕ್ಕೆ, ಬರುವಾಗ ಎಷ್ಟು ಅಂತ ಎಣಿಸಿ.
- ಗಾಳವನ್ನು ಬಿಸಿಲಲ್ಲಿ ಇಡಬೇಡಿ, ತಂಗೂಸು ಸೋಲುತ್ತೆ. ರಟ್ಟಿಗೆ ಸುತ್ತಿ ಡಬ್ಬಿಯಲ್ಲಿಡಿ. ಬೆರಳಿಗೆ ಒರಟು ತಾಗಿದ ದಾರವನ್ನು ಆವತ್ತೇ ಬದಲಿಸಿ.

ಎರೆಮೀನು ಕೈಗೆ ಬಂದ ಮೇಲೆ ಕೊರವಕ್ಕೆ ದೊಡ್ಡ ಕೊಕ್ಕೆ, ದಪ್ಪ ದಾರದ ಬೇರೆ ಗಾಳ ಬೇಕು. ಅದನ್ನು ದಡದಲ್ಲಿ ಗಟ್ಟಿಯಾಗಿ ಹೂತ ಬಿದಿರಿಗೆ ಕಟ್ಟಿ, ಆಗಾಗ ಹೋಗಿ ನೋಡ್ತಾ ಇರಿ. ಒಂದು ಕೊರವ ಸಿಕ್ಕಿತು ಅಂತ ನಿಲ್ಲಿಸಬೇಡಿ. ಬೆಳಗ್ಗೆ ಗಾಳಿ ಕುಡಿಯೋ ಸದ್ದು ನಿಲ್ಲುವವರೆಗೂ ಸಂಜೆ ಗಾಳ ಹಾಕ್ತಾ ಇರಿ. ಮುಂದಿನ ಬೇಸಿಗೆಯಲ್ಲಿ ಹೊಂಡ ಪೂರ್ತಿ ಒಣಗಿಸಿ, ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಆಮೇಲೆ ಹೊಸ ಮರಿ ಬಿಡಿ.