ಒಪ್ಪಂದ ಮುರಿದರೆ ರಕ್ಷಣೆ ಎಲ್ಲಿದೆ?

ಓದು ಮುಗಿದ ಮೇಲೆ ನಿಮ್ಮಲ್ಲಿ ಅನೇಕರು ಸಂಬಳದ ನೌಕರಿಯ ಬದಲು ಬಿಡಿ ಗುತ್ತಿಗೆಯ ಕೆಲಸ ಹಿಡಿಯಬಹುದು. ಸೋಲೂರಿನ ತರುಣನೊಬ್ಬ ಹೆದ್ದಾರಿ ಬದಿಯ ಕಟ್ಟಡಕ್ಕೆ ಬಣ್ಣ ಹೊಡೆಯಲು 30,000 ರೂಪಾಯಿಗೆ ಒಪ್ಪಿಕೊಂಡ ಎನ್ನೋಣ. ಬಣ್ಣ ತಂದು ಅರ್ಧ ಕೆಲಸ ಮುಗಿಸಿದಾಗ ಮಾಲೀಕರು 'ಸಾಕು, ನಿಲ್ಲಿಸಪ್ಪ' ಎಂದರೆ ಗತಿಯೇನು?

ವಿಮೆ ಈ ನಷ್ಟವನ್ನು ತುಂಬುವುದೇ? ಸಾಮಾನ್ಯವಾಗಿ ಇಲ್ಲ. ವಿಮೆ ಇರುವುದು ಆಕಸ್ಮಿಕಕ್ಕೆ. ಏಣಿಯಿಂದ ಬಿದ್ದರೆ ಅಪಘಾತ ವಿಮೆ ನೆರವಾಗುತ್ತದೆ. ಒಪ್ಪಂದ ರದ್ದಾಗುವುದಾದರೋ ಮನುಷ್ಯರ ಇಚ್ಛೆಯಿಂದ. ಅದರ ಸಂಭವವನ್ನು ಲೆಕ್ಕ ಹಾಕಿ ವಿಮಾ ಕಂತು ಗೊತ್ತುಮಾಡುವುದು ಕಷ್ಟ.

ಇಲ್ಲಿ ಆಸರೆ ಕಾನೂನಿನದು. 1872ರ ಭಾರತೀಯ ಕರಾರು ಅಧಿನಿಯಮದ 73ನೆಯ ಪ್ರಕರಣದಂತೆ, ಕರಾರು ಮುರಿದವರು ಅದರಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಪರಿಹಾರ ಕೊಡಬೇಕು. ಮೊತ್ತವನ್ನು ಮೊದಲೇ ಬರೆದುಕೊಂಡಿದ್ದರೆ, ಅದನ್ನು ಮೀರದಂತೆ ನ್ಯಾಯೋಚಿತ ಪರಿಹಾರವನ್ನು 74ನೆಯ ಪ್ರಕರಣ ಒದಗಿಸುತ್ತದೆ. ದಾವೆ ಹೂಡಲು 3 ವರ್ಷಗಳ ಅವಧಿಯಿದೆ.

ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕವು 2025ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿದೆ. ಅವರನ್ನು ಕೈಬಿಡುವ ಮುನ್ನ ಕಂಪನಿಯು ಕಾರಣ ತಿಳಿಸಿ, ಸಾಮಾನ್ಯವಾಗಿ 14 ದಿನಗಳ ನೋಟಿಸು ನೀಡಬೇಕು. ಬಣ್ಣ ಹೊಡೆಯುವ ನಮ್ಮ ತರುಣನಿಗೆ ಇದು ಅನ್ವಯಿಸದು. ಆದ್ದರಿಂದ ಅವನು ಕೆಲಸದ ವಿವರ, ಮುಂಗಡ, ನಡುವೆ ನಿಲ್ಲಿಸಿದರೆ ಸಲ್ಲಬೇಕಾದ ಹಣ ಇವಿಷ್ಟನ್ನೂ ಕಾಗದದಲ್ಲಿ ಬರೆದು ಇಬ್ಬರ ಸಹಿ ಪಡೆಯಬೇಕು. ನಿಮ್ಮ ಮನೆಯಲ್ಲಿ ಗುತ್ತಿಗೆ ಕೆಲಸ ಮಾಡುವ ಹಿರಿಯರಿದ್ದರೆ, ಆ ಕಾಗದವನ್ನು ನೀವೇ ಬರೆದುಕೊಡಿ.