ಹಣ್ಣಿನ ತೋಟವೂ ನೀರಿನ ಮಿತವ್ಯಯವೂ

ಕೊಳವೆಬಾವಿಯ ನೀರು ಇಳಿದಂತೆಲ್ಲ ತೋಟಿಗನ ಧೈರ್ಯವೂ ಇಳಿಯುವದು ಸಹಜವೇ ಸರಿ. ಜೋಳ ಒಣಗಿದರೆ ಒಂದು ವರ್ಷದ ಪೀಕು ಹೋಯಿತು. ಹಣ್ಣಿನ ಗಿಡ ಒಣಗಿದರೆ ಅನೇಕ ವರ್ಷಗಳ ದುಡಿಮೆಯೇ ಹೋದಂತೆ. ವಿಜಯಪುರ, ಬಾಗಲಕೋಟೆ, ಚಿತ್ರದುರ್ಗ ಮುಂತಾದ ಜಿಲ್ಲೆಗಳಲ್ಲಿ ದಾಳಿಂಬೆ, ಲಿಂಬೆಗಳನ್ನು ನಂಬಿ ಬಾಳುವ ಒಕ್ಕಲಿಗರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಕೊರತೆಯು ತಪ್ಪದೆ ಬರುವದಾದರೆ, ಅದನ್ನು ಯಾವ ಕಾಲಕ್ಕೆ ಬರಗೊಡಬೇಕೆಂಬದು ಕೆಲಮಟ್ಟಿಗೆ ನಮ್ಮ ಕೈಯಲ್ಲಿಯೇ ಇರುವದೆಂಬುದನ್ನು ವಾಚಕರು ಗಮನಿಸತಕ್ಕದ್ದು.

ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತದಲ್ಲಿ ತಟುರಾ ಎಂಬ ಊರಿದೆ. ಅಲ್ಲಿಯ ನೀರಾವರಿ ಸಂಶೋಧನ ಸಂಸ್ಥೆಯ ಚಾಮರ್ಸ್, ಮಿಚೆಲ್ ಮೊದಲಾದ ಶಾಸ್ತ್ರಜ್ಞರು ಪೀಚ್ ಗಿಡಗಳ ಮೇಲೆ ನಡೆಯಿಸಿದ ಪ್ರಯೋಗಗಳನ್ನು 1981ರಲ್ಲಿ ಪ್ರಕಟಿಸಿದರು. ಪೀಚ್ ಹಣ್ಣು ಒಂದೇ ಸಮನೆ ಬೆಳೆಯುವದಿಲ್ಲ. ಮೊದಲು ಬೇಗನೆ ಬೆಳೆದು, ಒಳಗಿನ ಓಟೆ ಗಟ್ಟಿಯಾಗುವ ನಡುಗಾಲದಲ್ಲಿ ನಿಧಾನಿಸಿ, ಕೊನೆಯಲ್ಲಿ ತಿರುಗಿ ಭರದಿಂದ ಹಿಗ್ಗುವದು. ಆ ನಡುಗಾಲದಲ್ಲಿ ನಾವು ಹಾಯಿಸುವ ನೀರು ಬಹುಮಟ್ಟಿಗೆ ಚಿಗುರಿನ ಪಾಲಾಗುತ್ತದೆ. ಆಗ ನೀರನ್ನು ಮಿತಗೊಳಿಸಿ, ಕೊನೆಯ ಕಾಲಕ್ಕೆ ಪೂರ್ತಿಯಾಗಿ ಕೊಟ್ಟರೆ, ಚಿಗುರು ಹತೋಟಿಯಲ್ಲಿದ್ದು ಹಣ್ಣಿನ ಇಳುವರಿ ಕುಂದದೆಂದು ಅವರು ಕಂಡುಕೊಂಡರು. ಅಲ್ಪ ಕೊರತೆಯುಂಟಾದಾಗ ಮೊದಲು ತಡೆಯುವದು ಎಳೆಚಿಗುರಿನ ಬೆಳವಣಿಗೆ. ಎಲೆಗಳು ಬಿಸಿಲಿನ ಬಲದಿಂದ ಆಹಾರವನ್ನು ಸಿದ್ಧಪಡಿಸುವ ಕಾರ್ಯ ಕುಗ್ಗುವದು ಅನಂತರವೇ. ಈ ಅಂತರವೇ ಆ ಪದ್ಧತಿಯ ಮೂಲಾಧಾರವು.

ಇದನ್ನೋದಿ ನಮ್ಮ ಹಿರಿಯ ತೋಟಿಗರು ನಕ್ಕರೂ ನಗಬಹುದು. ನೀರು ಹಿಡಿದು ಗಿಡವನ್ನು ತಣಿಯಗೊಡದೆ ಹೂ ಬಿಡಿಸುವ ಬಹಾರ ಪದ್ಧತಿ ಅವರಿಗೆ ಬಹುಕಾಲದಿಂದ ಗೊತ್ತು. ಅಂಬೆ, ಮೃಗ, ಹಸ್ತ ಎಂಬ ಮೂರು ಬಹಾರಗಳಲ್ಲಿ ತಮ್ಮ ನೀರಿಗೂ ಪೇಟೆಗೂ ಒಪ್ಪುವದೊಂದನ್ನು ಆರಿಸಿಕೊಂಡು, ಉಳಿದ ಹೂಗಳನ್ನು ಅವರು ಬಿಟ್ಟುಕೊಡುತ್ತಾರೆ. ಸಿಸಿಲಿ ದ್ವೀಪದ ಲಿಂಬೆ ಬೆಳೆಗಾರರಲ್ಲಿಯೂ ಬೇಸಿಗೆಯಲ್ಲಿ ನೀರು ನಿಲ್ಲಿಸಿ ಹೂ ತರಿಸುವ ಹಳೆಯ ರೂಢಿಯುಂಟು. ಆದರೆ ಬಹಾರದ ಉದ್ದೇಶ ಹೂವು. ತಟುರಾದವರ ಉದ್ದೇಶ ಚಿಗುರಿನ ಹತೋಟಿ ಮತ್ತು ನೀರಿನ ಉಳಿತಾಯ. ಎರಡನ್ನೂ ಒಂದೆಂದು ಎಣಿಸುವದು ತಪ್ಪಾದೀತು.

ಕಾಲವನ್ನರಿಯದೆ ನೀರು ಕಡಿದರೆ ಮಿತವ್ಯಯವು ನಷ್ಟವಾಗಿ ಪರಿಣಮಿಸುವದು. ಲಿಂಬೆ, ಕಿತ್ತಳೆಗಳ ಜಾತಿಗೆ ಹೂ ಬಿಟ್ಟು ಕಾಯಿ ಕಚ್ಚುವ ಸಮಯ ಅತಿ ನಾಜೂಕಾದದ್ದು. ಆಗಿನ ಬಾಯಾರಿಕೆಯಿಂದ ಮಿಡಿಗಾಯಿಗಳು ಉದುರುತ್ತವೆ. ದಾಳಿಂಬೆಯನ್ನು ಒಣಗಿಸಿಟ್ಟು ಒಮ್ಮೆಲೆ ನೀರು ತುಂಬಿದರೆ ಹಣ್ಣು ಬಿರಿಯುವದು. ಪೀಚ್ ಗಿಡವನ್ನು ಕೊಯ್ಲಿನ ತರುವಾಯ ಅತಿಯಾಗಿ ಬಾಡಿಸಿದರೆ ಮರುವರ್ಷ ಜೋಡಿಹಣ್ಣುಗಳು ಹೆಚ್ಚುವವೆಂದು ಕ್ಯಾಲಿಫೋರ್ನಿಯದಲ್ಲಿ ಕಂಡುಬಂದಿದೆ. ಮೊಗ್ಗಿನ ರಚನೆಯು ಹಿಂದಿನ ಬೇಸಿಗೆಯಲ್ಲಿಯೇ ನಡೆಯುವದೇ ಇದಕ್ಕೆ ಕಾರಣ. ಮೇಲಾಗಿ, ಸವುಳು ನೀರನ್ನು ಸ್ವಲ್ಪಸ್ವಲ್ಪವೇ ಕೊಡುತ್ತ ಹೋದರೆ ಉಪ್ಪು ಬೇರಿನ ಬಳಿಯಲ್ಲಿ ನಿಲ್ಲುವದು. ಮಳೆಯಾಗಲಿ ತುಂಬುನೀರಾಗಲಿ ಆಗಾಗ ಅದನ್ನು ಕೆಳಗಿಳಿಸದಿದ್ದರೆ ಗಿಡಕ್ಕೆ ಕೇಡು.

ಭೂಮಿಯ ಗುಣವೂ ಮುಖ್ಯವಾದದ್ದು. ಮಸಾರಿ ನೆಲ ಬೇಗನೆ ಒಣಗುವದು, ಬೇಗನೆ ತೋಯುವದು. ಅಲ್ಲಿ ಗಿಡವನ್ನು ಹಿಡಿಯುವದೂ ಬಿಡುವದೂ ಸುಲಭ, ಆದರೆ ಎರಡು ದಿನದ ಅಲಕ್ಷ್ಯವೂ ಅಪಾಯಕರ. ಆಳವಾದ ಎರೆಭೂಮಿಯಲ್ಲಿ ನೀರು ನಿಲ್ಲಿಸಿದರೂ ಗಿಡಕ್ಕೆ ಬಹಳ ದಿನ ತಾಕುವದಿಲ್ಲ. ತಾಕಿದ ಮೇಲೆ ಚೇತರಿಸುವದೂ ತಡ.

ಆದಕಾರಣ ತೋಟಿಗ ಬಾಂಧವರಲ್ಲಿ ನಮ್ಮ ಬಿನ್ನಹವಿಷ್ಟೇ: ಇಡೀ ತೋಟವನ್ನು ಒಮ್ಮೆಲೇ ಪರೀಕ್ಷೆಗೆ ಒಡ್ಡಬೇಡಿರಿ. ಒಂದೆರಡು ಸಾಲುಗಳಲ್ಲಿ ಮಾತ್ರ ನೀರನ್ನು ಅಳೆದು ಕಡಿಮೆ ಮಾಡಿ, ಹೂ, ಕಾಯಿ, ತೂಕ, ದರಗಳನ್ನು ವಹಿಯಲ್ಲಿ ಬರೆದಿಡಿರಿ. ಹನಿ ನೀರಾವರಿಯ ಕೊಳವೆ ಹಾಕಿಸಿದ ಮಾತ್ರಕ್ಕೆ ನೀರು ಉಳಿಯದು. ಅದರ ತಿರುಪನ್ನು ಯಾವಾಗ ತಿರುಗಿಸಬೇಕೆಂಬ ಅರಿವಿನಿಂದ ಉಳಿಯುವದು. ಹಾಗೆ ಉಳಿದ ನೀರನ್ನು ಹೊಸ ಗಿಡ ನೆಡುವದಕ್ಕೆ ತೊಡಗಿಸಿದರೆ ಬಾವಿಗೆ ಲಾಭವೇನೂ ಇಲ್ಲ. ನೆಲದೊಳಗೆ ಬಿಟ್ಟ ನೀರೇ ಮುಂದಿನ ಬರಗಾಲದಲ್ಲಿ ತೋಟವನ್ನು ಕಾಯತಕ್ಕದ್ದು.